ಕೂರಿಸುವ ಕೈ, ಎಬ್ಬಿಸುವ ಕೈ: ಊರಿನ ಯೋಜನಾ ಪ್ರಾಧಿಕಾರಕ್ಕೆ ಸದಸ್ಯರು ಬರುವ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮೂರಿನ ಮಾಸ್ಟರ್ ಪ್ಲಾನಿನ ಕರಡು ಹೊರಬಿದ್ದಿತ್ತು. ಕಚೇರಿಯ ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲಿ ನಮ್ಮ ಬಡಾವಣೆ ಪಕ್ಕದ ಕೆರೆಯ ಅಂಚು ಹಳದಿಯಾಗಿತ್ತು. ಹಳದಿ ಅಂದರೆ ವಸತಿ. ಹಳೆಯ ನಕ್ಷೆಯಲ್ಲಿ ಅದೇ ಜಾಗ ಹಸಿರಾಗಿತ್ತು. ಆಕ್ಷೇಪಣೆ ಬರೆದುಕೊಂಡು ಹೋದೆ. ಗುಮಾಸ್ತರು ಒಳ್ಳೆಯವರು. ಸೀಲು ಹಾಕಿ ಸ್ವೀಕೃತಿ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಮೇಡಂ, ಕೊಟ್ಟಿದ್ದು ಒಳ್ಳೇದೇ ಆಯ್ತು. ಆದರೆ ಇದನ್ನ ಕೇಳೋಕೆ ಈಗ ಅಧ್ಯಕ್ಷರೂ ಇಲ್ಲ, ಸದಸ್ಯರೂ ಇಲ್ಲ. ಸರ್ಕಾರ ಬದಲಾಯ್ತಲ್ಲ, ಎಲ್ಲರ ನಾಮನಿರ್ದೇಶನ ರದ್ದಾಗಿದೆ. ಹೊಸಬರು ಬರಬೇಕು."

ವಿಧಾನಸೌಧದಲ್ಲಿ ಸರ್ಕಾರ ಬದಲಾದರೆ ನಮ್ಮೂರ ಕೆರೆಯಂಚಿನ ಬಣ್ಣ ಯಾಕೆ ಕಾಯಬೇಕು? ಈ ಪ್ರಶ್ನೆ ಅವತ್ತು ನನ್ನ ಜೊತೆಗೇ ಮನೆಗೆ ಬಂತು. ಆಮೇಲೆ ಓದುತ್ತಾ ಹೋದಂತೆ, ಇದು ನಮ್ಮೂರಿನದೊಂದೇ ಕಥೆ ಅಲ್ಲ ಅಂತ ಗೊತ್ತಾಯಿತು. ಬೇರೆ ದೇಶಗಳೂ ಇದೇ ಪ್ರಶ್ನೆಯ ಜೊತೆ ನೂರು ವರ್ಷದಿಂದ ಗುದ್ದಾಡಿವೆ.

ಮೊದಲು, ಈ ಪ್ರಾಧಿಕಾರ ಮಾಡುವುದೇನು ಅಂತ ನೋಡೋಣ. ಕರ್ನಾಟಕದಲ್ಲಿ ಇದರ ಬುನಾದಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಒಂದು ಪಟ್ಟಣವನ್ನೂ ಅದರ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಸರ್ಕಾರ 'ಸ್ಥಳೀಯ ಯೋಜನಾ ಪ್ರದೇಶ' ಎಂದು ಘೋಷಿಸುತ್ತದೆ. ಅದಕ್ಕೊಂದು ಯೋಜನಾ ಪ್ರಾಧಿಕಾರ ಇರುತ್ತದೆ. ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ 1987ರ ಕಾಯ್ದೆಯಡಿ ಬಂದ ನಗರಾಭಿವೃದ್ಧಿ ಪ್ರಾಧಿಕಾರಗಳೇ ಈ ಕೆಲಸ ಮಾಡುತ್ತವೆ. ಬೆಂಗಳೂರಿನಲ್ಲಿ ದಶಕಗಳ ಕಾಲ 1976ರ ಕಾಯ್ದೆಯ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಮಾಡಿತು.

ಕೆಲಸ ಹೇಳೋಕೆ ಸರಳ. ಊರು ಮುಂದಿನ ಹತ್ತಿಪ್ಪತ್ತು ವರ್ಷ ಎತ್ತ ಬೆಳೆಯಬೇಕು ಅಂತ ನಕ್ಷೆ ಬರೆಯುವುದು. ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಉದ್ಯಾನಕ್ಕೆ ಹಸಿರು. ರಿಂಗ್ ರೋಡ್ ಯಾವ ಹೊಲದ ಮೇಲೆ ಹಾಯಬೇಕು, ಯಾವ ಲೇಔಟಿಗೆ ಒಪ್ಪಿಗೆ ಕೊಡಬೇಕು, ಯಾರ ಜಮೀನಿನ ಉಪಯೋಗ ಬದಲಾಯಿಸಲು ಬಿಡಬೇಕು, ಎಲ್ಲ ಅಲ್ಲಿ ಚರ್ಚೆಗೆ ಬರುತ್ತದೆ. ಕೊನೆಯ ಮುದ್ರೆ ರಾಜ್ಯ ಸರ್ಕಾರದ್ದು. ಆದರೆ ಕಡತ ಹುಟ್ಟುವುದು ಇಲ್ಲಿ.

ಒಂದು ಗೆರೆ ಎರಡು ಸರ್ವೆ ನಂಬರ್ ಆಚೆ ಸರಿದರೆ ಸಾಕು, ಒಬ್ಬರ ಜಮೀನು ಚಿನ್ನವಾಗುತ್ತದೆ, ಇನ್ನೊಬ್ಬರ ತೋಟ ರಸ್ತೆಗೆ ಹೋಗುತ್ತದೆ. ಹೀಗಾಗಿ ಈ ಮೇಜಿನ ಸುತ್ತ ಯಾರು ಕೂರುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲವೇ ಅಲ್ಲ.

"ಇದರಲ್ಲಿ ರಾಜಕೀಯವೇ ಇರಬಾರದು" ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ರಾಜಕೀಯ ಅನ್ನುವ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ಸಂಗತಿ ತುಂಬಿಬಿಟ್ಟಿದ್ದೇವೆ. ಊರು ಹೈವೇ ಕಡೆಗೆ ಬೆಳೆಯಬೇಕೋ, ಕೆರೆ ಬಯಲನ್ನು ಉಳಿಸಿಕೊಳ್ಳಬೇಕೋ? ಬಡವರ ಮನೆಗೆ ಎಷ್ಟು ಜಾಗ, ಮಾಲ್‌ಗೆ ಎಷ್ಟು ಜಾಗ? ಇವೂ ರಾಜಕೀಯದ ಪ್ರಶ್ನೆಗಳೇ. ಇವನ್ನು ಜನ, ಜನ ಆರಿಸಿದವರು ಗಟ್ಟಿಯಾಗಿ ಚರ್ಚೆ ಮಾಡಲೇಬೇಕು. ಇನ್ನೊಂದು, ಈ ಅರ್ಜಿ ನಮ್ಮವರದಾ, ಅವರದಾ ಅಂತ ನೋಡಿ ತೀರ್ಮಾನ ಮಾಡುವುದು. ನಿಷ್ಪಕ್ಷಪಾತ ಬೇಕಾಗಿರುವುದು ಈ ಎರಡನೆಯದಕ್ಕೆ. ಸದಸ್ಯರಿಗೆ ಅಭಿಪ್ರಾಯ ಇರಲಿ. ಪಕ್ಷದ ಒಲವೂ ಇರಲಿ, ಯಾರಿಗಿರೋದಿಲ್ಲ? ಅರ್ಜಿ ಕೈಗೆ ಬಂದಾಗ ಅರ್ಜಿದಾರರ ಮುಖ ನೋಡಬಾರದು, ಅಷ್ಟೇ.

ಹಾಗಾದರೆ ಅಂಥ ಸದಸ್ಯರನ್ನು ತರುವುದು ಹೇಗೆ? ನಮ್ಮ ಚರ್ಚೆ ಯಾವಾಗಲೂ ಒಂದೇ ಜಾಗದಲ್ಲಿ ನಿಂತುಬಿಡುತ್ತದೆ: ಯಾರನ್ನು ನೇಮಿಸಿದರು? ಟಿಕೆಟ್ ಸಿಗದವರಿಗೆ ಸಮಾಧಾನಕ್ಕೆ ಕೊಟ್ಟರಾ? ಯಾವ ಶಾಸಕರ ಕಡೆಯವರು? ಈ ಪ್ರಶ್ನೆಗಳು ಬೇಕು. ಆದರೆ ಇಷ್ಟು ವರ್ಷ ಓದಿದ ಮೇಲೆ ನನಗೆ ಅನ್ನಿಸಿರುವುದು, ನಾವು ಮುಂಬಾಗಿಲು ಮಾತ್ರ ಕಾಯುತ್ತಿದ್ದೇವೆ. ಸದಸ್ಯರನ್ನು ಕೂರಿಸುವ ಕೈಗಿಂತ ಎಬ್ಬಿಸುವ ಕೈ ಬಲವಾದದ್ದು. ನಾಳೆ ಬೆಳಿಗ್ಗೆ ಕಾರಣ ಕೊಡದೆ ತೆಗೆದುಹಾಕಬಹುದು ಅಂತಾದರೆ, ಎಂಥ ಪ್ರಾಮಾಣಿಕರೂ ಇವತ್ತು ಸಂಜೆ ಒಂದು ಫೋನ್ ಕರೆಗೆ ಹೆದರುತ್ತಾರೆ.

ತೆಗೆಯುವುದಕ್ಕೂ ಒಂದು ಕಾರಣ ಬೇಕು

ಅಮೆರಿಕದಲ್ಲಿ ಊರೂರಿಗೂ ಒಂದು ಯೋಜನಾ ಆಯೋಗ ಇರುವುದು ವಾಡಿಕೆ. ಅಲ್ಲಿನ ಮೊದಲ ಕಾಯಂ ಆಯೋಗ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ, 1907ರಲ್ಲಿ. ಆ ಕಾಲದ ಅಮೆರಿಕದ ನಗರಗಳಲ್ಲಿ ಪಕ್ಷದ ಹಿಡಿತ ಜೋರಾಗಿತ್ತು. ಗುತ್ತಿಗೆ, ನೌಕರಿ, ರಸ್ತೆ, ಎಲ್ಲವನ್ನೂ ಪಕ್ಷದ ಸ್ಥಳೀಯ ಧಣಿಗಳು ಹಂಚುತ್ತಿದ್ದರು. ನಕ್ಷೆಯನ್ನಾದರೂ ಅವರ ಕೈಯಿಂದ ಸ್ವಲ್ಪ ದೂರ ಇಡೋಣ ಅನ್ನುವುದು ಸುಧಾರಕರ ಯೋಚನೆ.

1928ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ ಒಂದು ಮಾದರಿ ಕಾಯ್ದೆ ಪ್ರಕಟಿಸಿತು. ರಾಜ್ಯಗಳು ಬೇಕಾದರೆ ಅದನ್ನು ನೋಡಿ ತಮ್ಮ ಕಾಯ್ದೆ ಮಾಡಿಕೊಳ್ಳಲಿ ಅಂತ. ಅನೇಕ ರಾಜ್ಯಗಳು ಮಾಡಿಕೊಂಡವು ಕೂಡ. ಆ ಮಾದರಿಯಲ್ಲಿ ಆಯೋಗಕ್ಕೆ 9 ಸದಸ್ಯರು. ಮೇಯರ್, ಅವರು ಆರಿಸಿದ ಒಬ್ಬ ಅಧಿಕಾರಿ, ನಗರಸಭೆ ಆರಿಸಿದ ಒಬ್ಬ ಸದಸ್ಯ, ಉಳಿದ 6 ಜನ ಮೇಯರ್ ನೇಮಿಸಿದ ನಾಗರಿಕರು. ಸಂಬಳ ಇಲ್ಲ.

ಇಲ್ಲಿ ನಿಂತು ನೋಡಬೇಕು. ನೇಮಿಸುವುದು ಮೇಯರೇ, ಅಂದರೆ ರಾಜಕಾರಣಿಯೇ. ಮಾದರಿ ಬರೆದವರು ಅದನ್ನು ತಪ್ಪಿಸಲು ಹೋಗಲಿಲ್ಲ. ಅವರು ಬೇರೆ ಎರಡು ಗಂಟು ಹಾಕಿದರು.

ಮೊದಲ ಗಂಟು, ಅವಧಿ. ಆ ನಾಗರಿಕ ಸದಸ್ಯರ ಅವಧಿ 6 ವರ್ಷ. ಆದರೆ ಎಲ್ಲರದ್ದೂ ಒಟ್ಟಿಗೆ ಮುಗಿಯುವುದಿಲ್ಲ. ಮೊದಲ ಸಲ ಮಾತ್ರ ಒಬ್ಬರಿಗೆ 1 ವರ್ಷ, ಇನ್ನೊಬ್ಬರಿಗೆ 2, ಮತ್ತೊಬ್ಬರಿಗೆ 3, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊಟ್ಟರು. ಆಮೇಲೆ ಪ್ರತಿ ವರ್ಷ ಒಂದೇ ಕುರ್ಚಿ ಖಾಲಿಯಾಗುತ್ತದೆ. ಹೊಸ ಮೇಯರ್ ಗೆದ್ದು ಬಂದ ಕೂಡಲೇ ಇಡೀ ಆಯೋಗವನ್ನು ತಮ್ಮವರಿಂದ ತುಂಬಲು ಆಗುವುದಿಲ್ಲ. ಹಳೆಯವರ ಜೊತೆ ಕೂತು ಹೊಸಬರು ಕೆಲಸ ಕಲಿಯುತ್ತಾರೆ, ಅದೂ ಒಂದು ಲಾಭ. ನಮ್ಮ ರಾಜ್ಯಸಭೆಯಲ್ಲಿ 2 ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ ಆಗುತ್ತದಲ್ಲ, ಅದೇ ಲೆಕ್ಕ.

ಎರಡನೇ ಗಂಟು ಇನ್ನೂ ಮುಖ್ಯ. ಸದಸ್ಯರನ್ನು ಮೇಯರ್ ತೆಗೆಯಬಹುದು, ಆದರೆ ಅಸಮರ್ಥತೆ, ಕರ್ತವ್ಯಲೋಪ, ದುರ್ನಡತೆ ಈ ಕಾರಣಗಳಿಗೆ ಮಾತ್ರ. ಅದೂ ಬಹಿರಂಗ ವಿಚಾರಣೆ ನಡೆಸಿ, ಕಾರಣವನ್ನು ಬರೆದು ದಾಖಲೆಗೆ ಸೇರಿಸಿ. "ಸರ್ಕಾರ ಬದಲಾಯಿತು" ಅನ್ನುವುದು ಆ ಪಟ್ಟಿಯಲ್ಲಿಲ್ಲ.

ಹಾಗಂತ ಆಯೋಗ ಯಾರ ಮಾತೂ ಕೇಳದ ಕೋಟೆಯೂ ಆಗಲಿಲ್ಲ. ಅದು ಬೇಡ ಅಂದ ರಸ್ತೆಯನ್ನೋ ಕಟ್ಟಡವನ್ನೋ ನಗರಸಭೆ ಮಾಡಿಯೇ ತೀರುತ್ತೇನೆ ಅಂದರೆ ಮಾಡಬಹುದು. ಒಟ್ಟು ಸದಸ್ಯರ ಮೂರನೇ ಎರಡು ಭಾಗ ಒಪ್ಪಬೇಕು, ಯಾರು ಯಾವ ಕಡೆ ಮತ ಹಾಕಿದರು ಅನ್ನುವುದು ದಾಖಲಾಗಬೇಕು. ಅಂದರೆ ಜನ ಆರಿಸಿದವರ ಮಾತೇ ಕೊನೆಯದು. ಆ ಮಾತನ್ನು ಅವರು ಎದ್ದು ನಿಂತು, ಹೆಸರು ಬರೆಸಿ ಹೇಳಬೇಕು.

ಈಗ ನಮ್ಮ ಕಡೆ ನೋಡಿ. ನಾಮನಿರ್ದೇಶನದ ಆದೇಶಗಳನ್ನು ಓದಿದವರಿಗೆ ಒಂದು ಸಾಲು ಚೆನ್ನಾಗಿ ಗೊತ್ತು: "ಮುಂದಿನ ಆದೇಶದವರೆಗೆ". ಮೂರು ವರ್ಷ ಅಂತ ಬರೆದಿದ್ದರೂ ಈ ಎರಡು ಪದ ಅದನ್ನು ನುಂಗಿಬಿಡುತ್ತವೆ. ಕಾನೂನಿನ ಭಾಷೆಯಲ್ಲಿ ಇದಕ್ಕೆ 'ಸರ್ಕಾರದ ಇಚ್ಛೆ ಇರುವವರೆಗೆ' ಅನ್ನುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ತತ್ವ. ರಾಜನ ಇಷ್ಟ ಇರುವ ತನಕ ಸೇವಕ ಇರಬಹುದು, ಇಷ್ಟ ತಪ್ಪಿದರೆ ಹೋಗಬೇಕು.

ಈ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ತಿಳಿದುಕೊಳ್ಳಬೇಕು. 1993ರಲ್ಲಿ ಉತ್ತರ ಪ್ರದೇಶದ ಶಹಜಹಾನ್‌ಪುರ ನಗರಪಾಲಿಕೆಯ ಒಂದು ಪ್ರಕರಣ ಬಂತು. ಸರ್ಕಾರ ನಾಮನಿರ್ದೇಶನ ಮಾಡಿದ್ದ ಮಹಿಳಾ ಸದಸ್ಯರನ್ನು ಸರ್ಕಾರವೇ ತೆಗೆದಿತ್ತು. ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾಮನಿರ್ದೇಶನ ಆಗಿದ್ದೇ ರಾಜಕೀಯ ಲೆಕ್ಕಾಚಾರದಿಂದ, ಇವರ ಹಿಂದೆ ಜನರ ಮತ ಇಲ್ಲ, ಹಾಗಿರುವಾಗ ಸರ್ಕಾರ ತನ್ನ ಇಚ್ಛೆಯಿಂದ ತೆಗೆಯಬಹುದು ಅಂತ ಕಾಯ್ದೆ ಹೇಳಿದರೆ ಅದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅನ್ನುವುದು ಅದರ ತಿರುಳು.

ಹದಿನೇಳು ವರ್ಷದ ನಂತರ, 2010ರಲ್ಲಿ, ರಾಜ್ಯಪಾಲರ ವಿಷಯದಲ್ಲಿ ಬಿ.ಪಿ. ಸಿಂಘಾಲ್ ಪ್ರಕರಣ ಬಂತು. 2004ರಲ್ಲಿ ಕೇಂದ್ರ ಸರ್ಕಾರ ಬದಲಾದ ಮೇಲೆ ನಾಲ್ಕು ರಾಜ್ಯಪಾಲರನ್ನು ತೆಗೆಯಲಾಗಿತ್ತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಬೇರೆಯದೇ ಧಾಟಿಯಲ್ಲಿ ಮಾತಾಡಿತು. ಇಚ್ಛೆ ಅಂದರೆ ಮನಸ್ಸಿಗೆ ಬಂದಂತೆ ಅಲ್ಲ, ತಕ್ಕ ಕಾರಣ ಇರಬೇಕು. ಕೇಂದ್ರದ ವಿಚಾರಧಾರೆಗೆ ಹೊಂದುವುದಿಲ್ಲ ಅಂತಲೋ, ಕೇಂದ್ರಕ್ಕೆ ಅವರ ಮೇಲೆ ವಿಶ್ವಾಸ ಹೋಯಿತು ಅಂತಲೋ ತೆಗೆಯುವ ಹಾಗಿಲ್ಲ ಅಂದಿತು. ಮಂತ್ರಿಗಳ ವಿಷಯ ಬೇರೆ, ಅವರು ರಾಜಕೀಯ ತಂಡದ ಭಾಗ ಅಂತಲೂ ಬಿಡಿಸಿ ಹೇಳಿತು.

ನನ್ನ ಪ್ರಶ್ನೆ ಇಷ್ಟೇ. ಊರಿನ ಯೋಜನಾ ಪ್ರಾಧಿಕಾರದ ಸದಸ್ಯರು ಇವರಲ್ಲಿ ಯಾರ ಹಾಗೆ? ಮಂತ್ರಿಯ ಹಾಗೆ ಸರ್ಕಾರದ ತಂಡದವರಾ? ಅಥವಾ ಸರ್ಕಾರ ಯಾವುದಿದ್ದರೂ ಒಂದೇ ಕೆಲಸ ಮಾಡಬೇಕಾದವರಾ? ಇಪ್ಪತ್ತು ವರ್ಷದ ನಕ್ಷೆ ಬರೆಯುವವರು ಎರಡನೇ ಗುಂಪಿನವರು ಅಂತ ನನ್ನ ಗಟ್ಟಿ ನಂಬಿಕೆ. ಆದರೆ ನಮ್ಮ ಆದೇಶಗಳು ಅವರನ್ನು ಮೊದಲ ಗುಂಪಿನಲ್ಲಿ ಇಟ್ಟಿವೆ. ಯಾವ ಪಕ್ಷ ಬಂದರೂ ಮೊದಲ ಕೆಲವು ವಾರಗಳಲ್ಲಿ ನಿಗಮ-ಮಂಡಳಿಗಳ ನಾಮನಿರ್ದೇಶನ ರದ್ದು ಮಾಡುವ ಆದೇಶ ಹೊರಬೀಳುತ್ತದೆ. ಇದು ಒಂದು ಪಕ್ಷದ ಚಾಳಿ ಅಲ್ಲ, ಎಲ್ಲರ ವಾಡಿಕೆ.

ನೇಮಿಸುವ ಕೈಗಳು ಹೆಚ್ಚಾದರೆ

ಎಬ್ಬಿಸುವ ಕೈ ಕಟ್ಟಿದ ಮೇಲೆ ಕೂರಿಸುವ ಕೈಯ ಮಾತಿಗೆ ಬರೋಣ. ಒಬ್ಬರೇ ಎಲ್ಲರನ್ನೂ ನೇಮಿಸಿದರೆ ಆ ಸಮಿತಿ ಅವರ ನೆರಳಾಗುತ್ತದೆ. ಇದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಥೆ ಚೆನ್ನಾಗಿದೆ. ಅಲ್ಲಿನ ಯೋಜನಾ ಆಯೋಗಕ್ಕೆ 7 ಸದಸ್ಯರು. ಮೊದಲು ನೇಮಕ ಮೇಯರ್ ಕೈಯಲ್ಲಿತ್ತು. 1990ರ ದಶಕದ ಕೊನೆಗೆ ಇಂಟರ್ನೆಟ್ ಕಂಪನಿಗಳ ಭರಾಟೆ ಬಂತು. ಬಾಡಿಗೆ ಏರಿತು, ಹಳೆಯ ಕೇರಿಗಳಲ್ಲಿ ಆಫೀಸು, ದುಬಾರಿ ಮನೆ ಎದ್ದವು. ಆಯೋಗ ಬಿಲ್ಡರ್‌ಗಳಿಗೆ ಹೂಂ ಅನ್ನುತ್ತಿದೆ ಅಂತ ಜನ ರೊಚ್ಚಿಗೆದ್ದರು. 2002ರ ಮಾರ್ಚ್‌ನಲ್ಲಿ ಮತದಾರರೇ ನಗರದ ಸನ್ನದು, ಅಂದರೆ ನಗರದ ಆಡಳಿತದ ಮೂಲ ಕಾನೂನು, ಬದಲಾಯಿಸಿದರು. 4 ಹೆಸರು ಮೇಯರ್ ಸೂಚಿಸಬೇಕು, 3 ಹೆಸರು ನಗರಸಭೆಯ ಅಧ್ಯಕ್ಷರು ಸೂಚಿಸಬೇಕು. ಏಳೂ ಹೆಸರಿಗೆ ನಗರಸಭೆ ಒಪ್ಪಿಗೆ ಬೇಕು, ಅದಕ್ಕೂ ಮುಂಚೆ ಬಹಿರಂಗ ವಿಚಾರಣೆ ನಡೆಯಬೇಕು. 60 ದಿನದಲ್ಲಿ ನಗರಸಭೆ ಏನೂ ಹೇಳದಿದ್ದರೆ ಒಪ್ಪಿದಂತೆ. ಸುಮ್ನೆ ಕೂತು ಕಾಲ ಕಳೆಯಲು ಬಿಡದ ಆ ಕೊನೆಯ ನಿಯಮ ನನಗೆ ಬಹಳ ಇಷ್ಟವಾಯಿತು. ಕುರ್ಚಿ ತಿಂಗಳುಗಟ್ಟಲೆ ಖಾಲಿ ಬಿದ್ದಿರುವುದೂ ಒಂದು ಪಕ್ಷಪಾತವೇ.

ನ್ಯೂಯಾರ್ಕಿನಲ್ಲಿ 13 ಸದಸ್ಯರು. ಅಧ್ಯಕ್ಷರೂ ಸೇರಿ 7 ಜನರನ್ನು ಮೇಯರ್ ನೇಮಿಸುತ್ತಾರೆ. ನಗರದ ಐದು ವಿಭಾಗಗಳ ಅಧ್ಯಕ್ಷರು ತಲಾ ಒಬ್ಬರನ್ನು, ಜನರ ದೂರು ನೋಡುವ ಚುನಾಯಿತ ಅಧಿಕಾರಿ ಒಬ್ಬರನ್ನು. ಇಲ್ಲಿಯೂ ಮೇಯರ್‌ಗೆ ಬಹುಮತ ಇದೆ. ಆದರೆ ಉಳಿದ 6 ಜನ ಕೋಣೆಯ ಒಳಗಿದ್ದಾರೆ. ಅವರು ಪ್ರಶ್ನೆ ಕೇಳುತ್ತಾರೆ, ಕಡತ ನೋಡುತ್ತಾರೆ, ಭಿನ್ನಮತ ಬರೆಸುತ್ತಾರೆ. ಗೆಲ್ಲದಿದ್ದರೂ ಏನು ನಡೆಯಿತು ಅಂತ ಹೊರಗೆ ಗೊತ್ತಾಗುತ್ತದೆ.

ನಮ್ಮ ಪ್ರಾಧಿಕಾರಗಳಲ್ಲಿ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಸದಸ್ಯ-ಕಾರ್ಯದರ್ಶಿ ಸರ್ಕಾರದ ಅಧಿಕಾರಿ. ನಾಮನಿರ್ದೇಶಿತ ಸದಸ್ಯರನ್ನು ಆರಿಸುವುದೂ ಸರ್ಕಾರವೇ. ಎಲ್ಲ ದಾರಿಯೂ ಬೆಂಗಳೂರಿಗೇ ಹೋಗುತ್ತದೆ.

ಪಕ್ಷಗಳನ್ನು ನೇರವಾಗಿ ಲೆಕ್ಕ ಹಾಕುವ ದಾರಿಯೂ ಒಂದಿದೆ. ಕನೆಕ್ಟಿಕಟ್‌ನಲ್ಲಿ ಕಾಯ್ದೆಯೇ ಮಿತಿ ಹಾಕಿದೆ. 5 ಜನರ ಮಂಡಳಿಯಲ್ಲಿ ಒಂದೇ ಪಕ್ಷದವರು 4ಕ್ಕಿಂತ ಜಾಸ್ತಿ ಇರುವಂತಿಲ್ಲ. 7 ಇದ್ದರೆ 5, 9 ಇದ್ದರೆ 6. ಇಂಡಿಯಾನಾ ರಾಜ್ಯದಲ್ಲಿ ನಗರದ ಯೋಜನಾ ಆಯೋಗಕ್ಕೆ ಮೇಯರ್ ನೇಮಿಸುವ 5 ನಾಗರಿಕರಲ್ಲಿ 3ಕ್ಕಿಂತ ಜಾಸ್ತಿ ಜನ ಒಂದೇ ಪಕ್ಷದವರಾಗಬಾರದು.

ಕೇಳಲು ಸೊಗಸಾಗಿದೆ. ನಮ್ಮಲ್ಲೂ ತರೋಣ ಅನ್ನಿಸುತ್ತದೆ. ಆದರೆ ಸ್ವಲ್ಪ ತಡೆಯಿರಿ. ಒಬ್ಬರು ಯಾವ ಪಕ್ಷದವರು ಅಂತ ಹೇಳುವುದು ಹೇಗೆ? ಕನೆಕ್ಟಿಕಟ್‌ನಲ್ಲಿ ಮತದಾರರು ಹೆಸರು ನೋಂದಾಯಿಸುವಾಗ ಬೇಕಾದರೆ ಪಕ್ಷವನ್ನೂ ಬರೆಸುತ್ತಾರೆ, ಅದು ಸರ್ಕಾರಿ ದಾಖಲೆ. ಇಂಡಿಯಾನಾದಲ್ಲಿ ಪಕ್ಷದ ಒಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಯಾವ ಪಕ್ಷದ ಮತಪತ್ರ ಕೇಳಿ ಪಡೆದರು ಅಂತ ನೋಡುತ್ತಾರೆ. ನಮ್ಮ ಮತದಾರರ ಪಟ್ಟಿಯಲ್ಲಿ ಅಂಥ ಕಾಲಂ ಇಲ್ಲ, ಇರಲೂ ಬಾರದು. ನಿನ್ನೆ ಆ ಪಕ್ಷ, ಇವತ್ತು ಈ ಪಕ್ಷ ಅನ್ನುವವರ ಊರಲ್ಲಿ ಈ ಲೆಕ್ಕ ಸುಲಭ ಅಲ್ಲ. ಇನ್ನೊಂದು ತೊಂದರೆಯೂ ಇದೆ. ಕುರ್ಚಿಗಳನ್ನು ಎರಡು ಪಕ್ಷಗಳ ನಡುವೆ ಹಂಚಿದರೆ, ಯಾವ ಪಕ್ಷಕ್ಕೂ ಸೇರದ ಒಳ್ಳೆಯ ಎಂಜಿನಿಯರ್, ಶಾಲೆ ಮೇಷ್ಟ್ರು, ರೈತ ಮಹಿಳೆ ಹೊರಗೇ ಉಳಿಯುತ್ತಾರೆ.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿ ಮುಖ್ಯ ಯೋಜನಾ ಅರ್ಜಿಗಳನ್ನು ತೀರ್ಮಾನಿಸುವುದು ಚುನಾಯಿತ ಕೌನ್ಸಿಲರ್‌ಗಳ ಸಮಿತಿ. 1989ರ ಕಾಯ್ದೆ ಪ್ರಕಾರ, ಕೌನ್ಸಿಲ್‌ನಲ್ಲಿ ಪಕ್ಷಗಳ ಬಲ ಎಷ್ಟಿದೆಯೋ ಅದೇ ಪ್ರಮಾಣದಲ್ಲಿ ಸಮಿತಿಯಲ್ಲೂ ಸ್ಥಾನ ಸಿಗಬೇಕು. ಸಮಿತಿಯ ಒಳಗೆ ಮಾತ್ರ, ಇಂಥ ಅರ್ಜಿಗೆ ಹೀಗೇ ಮತ ಹಾಕಿ ಅಂತ ಪಕ್ಷ ವಿಪ್ ಕೊಡುವುದು ಸರಿಯಲ್ಲ ಅನ್ನುವುದು ಅಲ್ಲಿನ ನಡವಳಿಕೆಯ ಪಾಠ. ಒಲವು ಇರಬಹುದು, ಆದರೆ ಮನಸ್ಸು ಮುಚ್ಚಿರಬಾರದು ಅಂತ ಕಾನೂನು ಗೆರೆ ಎಳೆಯುತ್ತದೆ. "ನಾನು ಹೈರೈಸ್ ಕಟ್ಟಡಗಳ ವಿರೋಧಿ" ಅಂತ ಚುನಾವಣೆಯಲ್ಲಿ ಹೇಳಿದವರು ಸಮಿತಿಯಲ್ಲಿ ಕೂರಬಹುದು. ಕೂತ ಮೇಲೆ ಮುಂದಿರುವ ಅರ್ಜಿಯ ಪರ-ವಿರೋಧ ಎರಡನ್ನೂ ಕೇಳಬೇಕು.

ಸ್ವಂತದ್ದು ಬಂದಾಗ

ಪಕ್ಷಕ್ಕಿಂತ ಹತ್ತಿರದ್ದು ದುಡ್ಡು, ನೆಂಟಸ್ತಿಕೆ. ಲೇಔಟ್ ಒಪ್ಪಿಗೆಗೆ ಬಂದಿರುವುದು ಸದಸ್ಯರ ಭಾವಮೈದುನನದ್ದು. ಏನು ಮಾಡಬೇಕು?

ಭಾರತದಲ್ಲಿ ಇದಕ್ಕೆ 1969ರ ಕ್ರೈಪಾಕ್ ಪ್ರಕರಣವೇ ದಾರಿದೀಪ. ಜಮ್ಮು-ಕಾಶ್ಮೀರದ ಅರಣ್ಯಾಧಿಕಾರಿಗಳಿಂದ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಲು ಒಂದು ಮಂಡಳಿ ಕೂತಿತ್ತು. ಆ ಮಂಡಳಿಯ ಸದಸ್ಯರೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಎದ್ದು ಹೊರಗೆ ಹೋದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಇದ್ದರು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ಪಕ್ಷಪಾತ ನಡೆದೇ ಹೋಯಿತು ಅಂತ ಸಾಬೀತು ಮಾಡಬೇಕಿಲ್ಲ, ನಡೆಯುವ ಸಾಧ್ಯತೆ ಕಣ್ಣಿಗೆ ಕಾಣುವಂತಿದ್ದರೆ ಸಾಕು ಅಂದಿತು. ಭಾವಮೈದುನನ ಲೇಔಟಿನ ದಿನ ಮಾತ್ರ ರಜೆ ಹಾಕಿ, ಪಕ್ಕದ ಎದುರಾಳಿ ಲೇಔಟಿನ ದಿನ ಬಂದು ಕೂತರೆ ಸಾಲದು ಅಂತ ಇದರಿಂದ ಅರ್ಥ ಮಾಡಿಕೊಳ್ಳಬಹುದು.

ಕ್ಯಾಲಿಫೋರ್ನಿಯಾ ಇದನ್ನು ಅಂಕಿಯಲ್ಲೇ ಬರೆದಿಟ್ಟಿದೆ. ಅಲ್ಲಿನ ಯೋಜನಾ ಆಯೋಗದವರು ಎಷ್ಟೋ ಸಲ ತಾವೇ ಮುಂದೆ ಚುನಾವಣೆಗೆ ನಿಲ್ಲುತ್ತಾರೆ. ಆಗ ಚಂದಾ ಬರುತ್ತದೆ. ಅರ್ಜಿದಾರರಿಂದ ಹಿಂದಿನ 12 ತಿಂಗಳಲ್ಲಿ ನಿಗದಿತ ಮೊತ್ತಕ್ಕಿಂತ ಜಾಸ್ತಿ ಚಂದಾ ಪಡೆದಿದ್ದರೆ ಅದನ್ನು ಬಹಿರಂಗ ಹೇಳಿ, ಆ ಅರ್ಜಿಯಿಂದ ದೂರ ಇರಬೇಕು. 1982ರ ಈ ಕಾಯ್ದೆಯಲ್ಲಿ ಮಿತಿ 250 ಡಾಲರ್ ಇತ್ತು. 2025ರಿಂದ 500 ಡಾಲರ್ ಆಗಿದೆ. ಮೊದಲು ಇದು ನೇಮಕಗೊಂಡವರಿಗೆ ಅನ್ವಯಿಸುತ್ತಿತ್ತು. 2023ರಿಂದ ಊರಿನ ಚುನಾಯಿತರಿಗೂ ಅನ್ವಯಿಸುತ್ತದೆ. ಅದಕ್ಕೆ ಕಾರಣವೂ ಇತ್ತು. ಲಾಸ್ ಏಂಜಲೀಸ್ ನಗರಸಭೆಯ ಯೋಜನಾ ಸಮಿತಿಯ ಅಧ್ಯಕ್ಷರಾಗಿದ್ದ ಹೊಸೆ ಹುಯಿಜಾರ್ ಅವರು ಬಿಲ್ಡರ್‌ಗಳಿಂದ ಲಂಚ ಪಡೆದ ಪ್ರಕರಣ ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿತ್ತು. ಅವರು 2023ರ ಜನವರಿಯಲ್ಲಿ ತಪ್ಪೊಪ್ಪಿಕೊಂಡರು. ಮರುವರ್ಷ 13 ವರ್ಷ ಜೈಲು ಶಿಕ್ಷೆ ಆಯಿತು.

ಅದೇ ರಾಜ್ಯದ ಇನ್ನೊಂದು ಕಾಯ್ದೆ ತೀರಾ ಸಣ್ಣದು. 1975ರದ್ದು. ಮುಂದಿನ ವರ್ಷ ಯಾವ ಯಾವ ಸಮಿತಿಯಲ್ಲಿ ಯಾವ ಕುರ್ಚಿ ಖಾಲಿಯಾಗುತ್ತದೆ, ಈಗ ಯಾರಿದ್ದಾರೆ, ಏನು ಅರ್ಹತೆ ಬೇಕು ಅಂತ ಪ್ರತಿ ಊರೂ ಡಿಸೆಂಬರ್ 31ರ ಒಳಗೆ ಪಟ್ಟಿ ಪ್ರಕಟಿಸಬೇಕು. ನಡುವೆ ಯಾರಾದರೂ ಬಿಟ್ಟುಹೋದರೆ ನೋಟಿಸ್ ಅಂಟಿಸಬೇಕು, ಅಂಟಿಸಿದ 10 ಕೆಲಸದ ದಿನಗಳ ತನಕ ಹೊಸಬರನ್ನು ಕಾಯಂ ಮಾಡುವಂತಿಲ್ಲ. ಅಂದರೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಆ ಕಡೆ ನೆಲೆಸಿರುವ ನಮ್ಮ ಕನ್ನಡಿಗರೂ ತಮ್ಮೂರಿನ ಪಟ್ಟಿ ತೆಗೆದು ನೋಡಬಹುದು. ನಮ್ಮೂರಿನ ಪ್ರಾಧಿಕಾರದಲ್ಲಿ ಸ್ಥಾನ ಖಾಲಿ ಇದೆ ಅಂತ ಒಂದು ನೋಟಿಸನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಹೆಸರು ಪ್ರಕಟವಾದ ಮೇಲೆ ಹೂಮಾಲೆಯ ಫೋಟೋ ನೋಡಿದ್ದೇನೆ.

ಸಂವಿಧಾನ ತೋರಿಸಿದ ದಾರಿ

ನಮ್ಮಲ್ಲಿ ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಈ ವಿಷಯದಲ್ಲಿ ಅಮೆರಿಕಕ್ಕಿಂತ ಧೈರ್ಯದ ಹೆಜ್ಜೆ ಇಟ್ಟಿದೆ. ನೇಮಕವನ್ನೇ ಬಹುಮಟ್ಟಿಗೆ ಕೈಬಿಟ್ಟು ಚುನಾವಣೆ ತಂದಿದೆ. ಪ್ರತಿ ಜಿಲ್ಲೆಗೆ ಒಂದು ಜಿಲ್ಲಾ ಯೋಜನಾ ಸಮಿತಿ. ಅದರ ಐದನೇ ನಾಲ್ಕು ಭಾಗಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆ-ನಗರಸಭೆಗಳ ಚುನಾಯಿತರು ತಮ್ಮೊಳಗಿಂದಲೇ ಆರಿಸಬೇಕು. ಹಳ್ಳಿ ಮತ್ತು ಪಟ್ಟಣದ ಜನಸಂಖ್ಯೆಯ ಪ್ರಮಾಣದಲ್ಲಿ. 10 ಲಕ್ಷಕ್ಕೂ ಮೇಲಿನ ಮಹಾನಗರ ಪ್ರದೇಶಕ್ಕೆ ಮಹಾನಗರ ಯೋಜನಾ ಸಮಿತಿ. ಅಲ್ಲಿ ಕನಿಷ್ಠ ಮೂರನೇ ಎರಡು ಭಾಗ ಚುನಾಯಿತರು.

ಬೇರೆ ಬೇರೆ ಪಕ್ಷದವರು ಒಳಗೆ ಬರಬಹುದು. ಹೀಗೆ ಆರಿಸಿ ಬಂದ ಯಾರನ್ನೂ ಒಂದು ಆದೇಶದಿಂದ ಮನೆಗೆ ಕಳಿಸಲು ಆಗುವುದಿಲ್ಲ. ಎಬ್ಬಿಸುವ ಕೈ ಇಲ್ಲಿ ಮತದಾರರದ್ದು.

ಆದರೆ ಈ ವ್ಯವಸ್ಥೆ ನಿಂತಿರುವುದು ಒಂದೇ ಕಂಬದ ಮೇಲೆ. ಆರಿಸಲು ಚುನಾಯಿತರು ಇರಬೇಕು. ಬೆಂಗಳೂರಿನ ಮಹಾನಗರ ಯೋಜನಾ ಸಮಿತಿ ರಚನೆಯಾಗಲು 2014 ಆಗಬೇಕಾಯಿತು, ತಿದ್ದುಪಡಿ ಬಂದು ಎರಡು ದಶಕ ಕಳೆದ ಮೇಲೆ. ಅಧ್ಯಕ್ಷರು ಮುಖ್ಯಮಂತ್ರಿ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅಂದಿನ ಪಾಲಿಕೆ ಬಿಬಿಎಂಪಿಯ ಸದಸ್ಯರ ಅವಧಿ ಮುಗಿಯಿತು, ಆಮೇಲೆ ಬಿಬಿಎಂಪಿಗೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಹೊಸ ಕಾಯ್ದೆ ಜಾರಿಗೆ ಬಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಆಯಿತು. ಅದಕ್ಕೂ ಮುಖ್ಯಮಂತ್ರಿಯೇ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಖಾಲಿ ಬಿದ್ದವು. ಚುನಾಯಿತರೇ ಇಲ್ಲದಾಗ ಅವರೊಳಗಿಂದ ಆರಿಸುವುದು ಯಾರನ್ನು? ನೇಮಕದ ಪಕ್ಷಪಾತದ ಬಗ್ಗೆ ಮಾತಾಡುವ ನಾವು, ಚುನಾವಣೆ ಮುಂದೂಡುವುದೂ ಅದೇ ಪಕ್ಷಪಾತದ ಇನ್ನೊಂದು ರೂಪ ಅನ್ನುವುದನ್ನು ಮರೆಯುತ್ತೇವೆ.

ಒಂದು ಎಚ್ಚರದ ಮಾತನ್ನೂ ಇಲ್ಲೇ ಹೇಳಬೇಕು. 'ಪಕ್ಷದವರು ಬೇಡ, ತಜ್ಞರು ಸಾಕು' ಅಂದರೆ ಎಲ್ಲ ಸರಿಹೋಗುವುದಿಲ್ಲ. ಅಮೆರಿಕದ ಹಳೆಯ ಆಯೋಗಗಳಲ್ಲಿ ಪಕ್ಷದ ಧಣಿಗಳು ಹೋದ ಜಾಗಕ್ಕೆ ವ್ಯಾಪಾರಿಗಳು, ಜಮೀನು ವ್ಯವಹಾರದವರು, ವಕೀಲರು, ವಾಸ್ತುಶಿಲ್ಪಿಗಳು ಬಂದು ಕೂತರು. ಬಹುಪಾಲು ಅನುಕೂಲಸ್ಥ ಬಿಳಿಯ ಗಂಡಸರು. ಬಾಡಿಗೆ ಮನೆಯವರು, ಕಪ್ಪು ಜನ, ಕೂಲಿಯವರು ಕಾಣಲಿಲ್ಲ. ನಮ್ಮಲ್ಲೂ ನಾಲ್ಕು ನಿವೃತ್ತ ಅಧಿಕಾರಿಗಳನ್ನು ಕೂರಿಸಿ ನಿಷ್ಪಕ್ಷಪಾತ ಅಂದರೆ, ಸಂತೆಯಲ್ಲಿ ಸೊಪ್ಪು ಮಾರುವವರ ಜಾಗ ನಕ್ಷೆಯಲ್ಲಿ ಮಾಯವಾಗಬಹುದು. ಜಾತಿ, ಜಮೀನು, ಓದು, ಇವಕ್ಕೂ ಪಕ್ಷ ಇದೆ. ಆದ್ದರಿಂದ ನನಗೆ ತಜ್ಞರ ಸಮಿತಿಗಿಂತ ಬೇರೆ ಬೇರೆ ಕಡೆಯಿಂದ ಬಂದವರ ಸಮಿತಿ ಮೇಲು ಅನ್ನಿಸುತ್ತದೆ. ತಜ್ಞರು ಪಕ್ಕದಲ್ಲಿ ಕೂತು ಸಲಹೆ ಕೊಡಲಿ.

ನಿಮ್ಮೂರಿನ ಪ್ರಾಧಿಕಾರ ಹೇಗಿದೆ ಅಂತ ತಿಳಿಯಲು ಒಂದು ಸುಲಭದ ಕೆಲಸ ಇದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಅರ್ಜಿ ಶುಲ್ಕ ಕಟ್ಟಿ ಮೂರು ಕಾಗದ ಕೇಳಿ. ಈಗಿನ ಅಧ್ಯಕ್ಷರ, ಸದಸ್ಯರ ನೇಮಕದ ಆದೇಶ. ಕಳೆದ ಒಂದು ವರ್ಷದ ಸಭಾ ನಡವಳಿ. ಆ ಸಭೆಗಳಲ್ಲಿ ಯಾರಾದರೂ ಸ್ವಹಿತಾಸಕ್ತಿ ಹೇಳಿ ಹೊರಗುಳಿದಿದ್ದರೆ ಅದರ ದಾಖಲೆ. ಮೊದಲ ಕಾಗದದಲ್ಲಿ ಅವಧಿ ಬರೆದಿರುವ ಸಾಲನ್ನು ಬೆರಳಿಟ್ಟು ಓದಿ.

ನಾನೂ ಕೇಳಿದೆ. ಹೊಸ ಸಮಿತಿ ಬಂದಿತ್ತು. ನನ್ನ ಆಕ್ಷೇಪಣೆಯ ವಿಚಾರಣೆಗೂ ಕರೆದರು. ಸದಸ್ಯರಲ್ಲಿ ಒಬ್ಬರು ನಕ್ಷೆ ಬಿಡಿಸಿ ಕೂತು, ಕೆರೆಗೆ ನೀರು ಬರುವ ಕಾಲುವೆ ಎಲ್ಲಿದೆ ಅಂತ ಕೇಳಿ ತಿಳಿದುಕೊಂಡರು. ಯಾವ ಪಕ್ಷದವರು ಅಂತ ಊರಿಗೆಲ್ಲ ಗೊತ್ತಿತ್ತು. ಆದರೂ ಗಮನ ಕೊಟ್ಟು ಕೇಳಿದರು. ಹಳದಿಯನ್ನು ಹಸಿರು ಮಾಡಬೇಕು ಅಂತ ನಡವಳಿಯಲ್ಲಿ ತಮ್ಮ ಅಭಿಪ್ರಾಯ ಬರೆಸಿದರು. ಅವರ ನೇಮಕದ ಆದೇಶದ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಕೊನೆಯ ಸಾಲಿನಲ್ಲಿ, "ಮೂರು ವರ್ಷಗಳ ಅವಧಿಗೆ ಅಥವಾ ಮುಂದಿನ ಆದೇಶದವರೆಗೆ".